ಪದ ಕೇಳಿದೆವು, ಏನು ಕೇಳಿಸಿಕೊಂಡೆವು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಈ ಸೀಮೆಯಲ್ಲಿ ದಪ್ಪು, ತುಂತುಣಿಯ ಸದ್ದಾದರೆ ಉಣ್ಣೋ ತಾಟು ಬಿಟ್ಟು ಏಳುವ ಮಂದಿ ಇದ್ದಾರೆ. ಕೇಳುವವರಿಗೇನೂ ಕಮ್ಮಿಯಿಲ್ಲ. ಕೇಳಿಸಿಕೊಂಡದ್ದು ಏನು ಅನ್ನುವುದೇ ತಕರಾರು.

ಸಂಗೊಳ್ಳಿ ರಾಯಣ್ಣನ ಲಾವಣಿ ತಗೊಳ್ರಿ. ರಾಣಿಯ ಮೇಲಿನ ನಿಷ್ಠೆ, ಹಿಡಿದುಕೊಟ್ಟವರ ದ್ರೋಹ, 1831ರಲ್ಲಿ ನಂದಗಡದ ಗಲ್ಲು. ಇಷ್ಟಕ್ಕೇ ಕೇಳಿದವರ ಕಣ್ಣು ತುಂಬುತ್ತವೆ. ಆದರೆ ಆತ ಕುರುಬರ ಮನೆಯ ವಾಲೀಕಾರ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಅವನ ಇನಾಮು ಹೊಲಕ್ಕೆ ಕೈ ಹಾಕಿತು, ಉಳಿದದ್ದಕ್ಕೆ ತೆರಿಗೆ ಹೇರಿತು. 1830ರ ಆರಂಭದಲ್ಲಿ ಅವನ ದಂಡು ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಕಚೇರಿ ಅಂದರೆ ಬರೀ ಕಟ್ಟಡವಲ್ಲ, ಗೆಳೆಯರೆ. ಯಾರ ಹೊಲ ಯಾರಿಗೆ, ಯಾರ ಬಾಕಿ ಎಷ್ಟು ಎಂದು ಬರೆದಿಡುವ ದಫ್ತರ ಅದು. ಪದ ಅಲ್ಲಿಗೆ ಬಂದಾಗ ನಾವು ಸೀಟಿ ಹೊಡೀತೀವಿ. ಮರುದಿನ ಉತಾರಕ್ಕಾಗಿ ಅಂಥದೇ ದಫ್ತರದ ಮುಂದೆ ಕೈಕಟ್ಟಿ ನಿಲ್ಲತೀವಿ. ಎರಡಕ್ಕೂ ಸಂಬಂಧ ಇದೆ ಅಂತ ಹೊಳೆಯುವುದೇ ಇಲ್ಲ.

ಹಲಗಲಿ ಬೇಡರ ಪದದ ಗತಿಯೂ ಅದೇ. 1857ರಲ್ಲಿ ಹತಾರ ಒಪ್ಪಿಸಿರಿ ಎಂದು ಹುಕುಂ ಬಂತು. ಬೇಟೆಯಾಡಿ ಬದುಕುವವನಿಗೆ ಹತಾರ ಕೊಡುವುದೆಂದರೆ ಹೊಟ್ಟೆಯನ್ನೇ ಕೊಟ್ಟ ಹಾಗೆ. ಅವರು ಕೊಡಲಿಲ್ಲ, ಊರು ಸುಟ್ಟಿತು. ಸಾಲಿಯ ಪುಸ್ತಕದಲ್ಲಿ ಈ ಪದ ಪಾಠವಾಗಿದೆ. ಹುಡುಗರು 'ದೇಶಪ್ರೇಮ' ಅಂತ ಉತ್ತರ ಬರೆದು ಮಾರ್ಕು ತಗೋತಾರೆ. ಕೊನೆಗೆ ಬರುವ ಲೂಟಿಯ ಪಟ್ಟಿಯನ್ನು ಎಷ್ಟು ಮಾಸ್ತರರು ನಿಂತು ಓದಿಸುತ್ತಾರೆ? ಉಪ್ಪು, ಬೆಲ್ಲದಿಂದ ಹಿಡಿದು ಬೀಸೋ ಕಲ್ಲು, ಹೆಂಗಸರ ತಾಳಿತನಕ ಹೊತ್ತೊಯ್ದರು ಎನ್ನುತ್ತದೆ ಪದ. ಅದು ಬಡವರ ಮನೆಯ ಪಂಚನಾಮೆ. ಪ್ರಾಸದ ಓಟದಲ್ಲಿ ನಮಗದು ಬರೀ ತಮಾಷೆಯಾಗಿ ಕೇಳುತ್ತದೆ.

ಇವನ್ನು ಮೊದಲು ಇಂಗ್ಲಿಷ್ ಅನುವಾದ ಸಮೇತ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ ಫ್ಲೀಟ್. ಗಲ್ಲಿಗೆ ಹಾಕಿದ ಆಳ್ವಿಕೆಯ ನೌಕರನೇ ಗಲ್ಲಿನ ಪದ ಜೋಪಾನ ಮಾಡಿದ! ಶಾಸನ ಓದುವವನಿಗೆ ಅದೊಂದು ಹಳೆಯ ಸರಕು.

ಹಾಗಂತ ನಮ್ಮ ಕಿವಿ ಭಾರಿ ಚುರುಕು ಅಂದುಕೋಬೇಡಿ. ಸವದತ್ತಿ ಗುಡ್ಡದಲ್ಲಿ ಜೋಗತಿಯರು ಚೌಡಿಕೆ ಮೀಟುತ್ತ ಎಲ್ಲಮ್ಮನ ಕತೆ ಹಾಡುತ್ತಿದ್ದರು. ಗಂಡ ಸಂಶಯಪಟ್ಟ, ಅವನ ಮಾತಿಗೆ ಮಗನೇ ತಾಯಿಯ ತಲೆ ಕಡಿದ. ಭಕ್ತರಿಗೆ ಅದರಲ್ಲಿ ದೇವಿಯ ಮಹಿಮೆ ಕೇಳಿಸಿತು, ಚಳವಳಿಯವರಾದ ನಮಗೆ ಬರೀ ಮೌಢ್ಯ. 1982ರ ಕಾನೂನು ಮುತ್ತು ಕಟ್ಟುವುದನ್ನು ನಿಷೇಧಿಸಿತು, ಮಾಡಬೇಕಾದದ್ದೇ. ಆದರೆ ಮುತ್ತು ಕಟ್ಟಿಸಿಕೊಂಡ ದಲಿತ ಹೆಣ್ಣುಮಗಳೇ, ತಲೆ ಹೋದದ್ದು ಯಾರ ಮಾತಿಗೆ ಅಂತ ಹುಣ್ಣಿಮೆ ಹುಣ್ಣಿಮೆಗೆ ಹಾಡುತ್ತಿದ್ದಳು. ನಾವು ಕರಪತ್ರ ಹಂಚುವ ಗಡಿಬಿಡಿಯಲ್ಲಿದ್ದೆವು.