ಮಾರಿಕಣಿವೆಯ ನೀರು, ಎರಡಡಿಯ ದೋಣಿ

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಚಿತ್ರದುರ್ಗ, ಹೊಸದುರ್ಗದ ಕಡೆಯಿಂದ ಜನ ಜಾತ್ರೆಗೆ ಬಂದಂತೆ ಬಂದು ನೋಡಿದರು. ನನ್ನ ಅಕ್ಕನ ಮಗನಿಗೆ ನೋಡಿದ್ದು ಸಾಲಲಿಲ್ಲ, ರಿಮೋಟ್ ದೋಣಿ ಬೇಕೆಂದು ಹಟ ಹಿಡಿದ. ಎರಡಡಿ ಉದ್ದದ್ದು ಬಂತು. ಹೊಳಲ್ಕೆರೆ ಹತ್ತಿರದ ನಮ್ಮ ತೋಟದ ಕೃಷಿ ಹೊಂಡವೇ ಅದಕ್ಕೆ ಸಮುದ್ರ.

'ನಿಧಾನ ಹೋಗುತ್ತೆ ಮಾವ, ದೊಡ್ಡ ಮೋಟಾರು ಹಾಕಿಸೋಣ' ಎಂದ. ಹಾಕಿಸಿದೆವು. ಮೊದಲ ಸುತ್ತಿಗೇ ಮಗುಚಿಕೊಂಡಿತು.

ದೋಣಿಯ ವೇಗದ ತೊಡಕನ್ನು ಪುಟ್ಟ ಮಾದರಿಗಳಿಂದಲೇ ಬಿಡಿಸಲು ಹೊರಟವನು ಇಂಗ್ಲೆಂಡಿನ ವಿಲಿಯಂ ಫ್ರೂಡ್. 1872ರ ಹೊತ್ತಿಗೆ ಟಾರ್ಕೀಯ ಮನೆಯ ಪಕ್ಕ ಉದ್ದನೆಯ ತೊಟ್ಟಿ ಕಟ್ಟಿಸಿ, ಮೇಣದ ಹಡಗುಗಳನ್ನು ಎಳೆಸಿ ನೋಡುತ್ತಿದ್ದ. ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ. ಉದ್ದ ಕಡಿಮೆಯಾದಷ್ಟೂ ಆ ಅಲೆ ಬೇಗ ಅಡ್ಡ ಬರುತ್ತದೆ. ನಮ್ಮ ಎರಡಡಿಯದಕ್ಕೆ ಗಂಟೆಗೆ ಸುಮಾರು 3.5 ಕಿಲೋಮೀಟರಿನಲ್ಲೇ. ದಾಟಬೇಕಾದರೆ ನೀರನ್ನು ಸೀಳುವುದು ಬಿಟ್ಟು ಅದರ ಮೇಲೆ ಜಾರಬೇಕು. ರೇಮಸ್ ಎಂಬ ಪಾದ್ರಿ ಅಂಥ ಮೆಟ್ಟಿಲು ತಳದ ಹಡಗನ್ನು ಬ್ರಿಟಿಷ್ ನೌಕಾಪಡೆಗೆ ಸೂಚಿಸಿದ್ದ. ಫ್ರೂಡ್ ಅದರ ಮಾದರಿಯನ್ನೂ ಪರೀಕ್ಷಿಸಿದ. ಆ ಕಾಲದ ಉಗಿಯಂತ್ರಗಳಿಗೆ ಅಷ್ಟು ಶಕ್ತಿ ಇರಲಿಲ್ಲ.

ಇಂದಿನ ಲಿಥಿಯಂ ಬ್ಯಾಟರಿಗೆ ಶಕ್ತಿಯ ಕೊರತೆಯಿಲ್ಲ, ಸಂಕಟ ಬೇರೆ. ಫ್ಯಾನು ಬಲಕ್ಕೆ ತಿರುಗಿದರೆ ದೋಣಿ ಎಡಕ್ಕೆ ವಾಲುತ್ತದೆ. ನಮ್ಮ ಹರಿಗೋಲು ಅಗಲದಿಂದಲೇ ನಿಲ್ಲುತ್ತದೆ, ಅಗಲದಿಂದಲೇ ಓಡಲಾರದು. ಓಡುವ ದೋಣಿಗೆ ಅಗಲ ಕೊಡಲಾಗದು, ಭಾರವನ್ನು ಕೆಳಗಿಳಿಸಬೇಕು. ಬ್ಯಾಟರಿಯನ್ನು ತಳಕ್ಕೆ ಅಂಟಿಸಿ ಕೂದಲೆಳೆಯಷ್ಟು ಬಲಕ್ಕೆ ಸರಿಸಿದೆವು. ತಿರುವಿನಲ್ಲಿ ಹಿಂಬದಿ ಜಾರದಂತೆ ಅಲ್ಯೂಮಿನಿಯಂ ತಗಡಿನ ರೆಕ್ಕೆಯೊಂದನ್ನು ತಳಕ್ಕೆ ಕೂರಿಸಿದೆವು. ಎರಡು ಭಾನುವಾರ ಹಿಡಿಯಿತು.

ರೇಡಿಯೋದಿಂದ ದೋಣಿ ನಡೆಸಬಹುದೆಂದು ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತೋರಿಸಿದ್ದು 1898ರಲ್ಲಿ. ಅದೇ ವರ್ಷ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮಾರಿಕಣಿವೆಯ ಕಟ್ಟೆ ಶುರುವಾಯಿತು. ಬರದ ಸೀಮೆಗೆ ವೇದಾವತಿಯನ್ನು ನಿಲ್ಲಿಸುವ ಕೆಲಸ 1907ರವರೆಗೆ ನಡೆಯಿತು. ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು. ಅತ್ತ ಟೆಸ್ಲಾನ ದೋಣಿಯನ್ನು ಕೊಳ್ಳಲು ಅಮೆರಿಕದ ನೌಕಾಪಡೆ ಮುಂದಾಗಲಿಲ್ಲ. ಎರಡಕ್ಕೂ ನಂಟಿಲ್ಲ, ನನಗೆ ಮಾತ್ರ ಒಟ್ಟಿಗೇ ನೆನಪಾಗುತ್ತವೆ.

ದೋಣಿ ಈಗ ಮಗುಚುವುದಿಲ್ಲ. ಮಾರ್ಚಿನಲ್ಲಿ ಹೊಂಡ ಇಳಿದು, ಆ ರೆಕ್ಕೆ ಕೆಸರಿಗೆ ತಾಗತೊಡಗಿತು. ಹುಡುಗ ದೋಣಿಯನ್ನು ತೊಳೆದು ಅಟ್ಟದ ಮೇಲಿಟ್ಟ.