ರೈತನ ಕಡೆಗೆ ತಿರುಗಿದ ಮಾನಿಟರ್

ಮನೆಗೊಂದು ಮಾನಿಟರ್ ತರಬೇಕು. ಪಿಯುಸಿ ಓದುವ ಮಗನಿಗೆ ಗೇಮ್ ಆಡಲು 144 ಹರ್ಟ್ಜ್‌ನದ್ದೇ ಬೇಕು. ತೋಟದ ಲೆಕ್ಕ ಬರೆಯುವ ಅಪ್ಪನಿಗೆ ಅಕ್ಷರ ಸರಿಯಾಗಿ ಕಂಡರೆ ಸಾಕು. ದುಡ್ಡು ಇರುವುದು ಒಂದಕ್ಕೆ ಮಾತ್ರ. ಕೊಡಗಿನ ಮನೆಗಳಲ್ಲೂ ಈಗ ಇಂಥ ಚರ್ಚೆ ಹೊಸದಲ್ಲ. ಆದರೆ ಆಟದ ಮಾನಿಟರ್ ಬೇರೆ, ಕೆಲಸದ ಮಾನಿಟರ್ ಬೇರೆ ಎಂದು ಆಗಿದ್ದು ಯಾವಾಗ? ಒಂದೇ ಒಕ್ಕದಲ್ಲಿದ್ದ ಅಣ್ಣತಮ್ಮಂದಿರು ಪಾಲಾದ ಹಾಗಿನ ಕಥೆ ಇದು.

1958ರ ಅಕ್ಟೋಬರ್‌ನಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ ನೋಡಲು ಬಂದ ಜನರಿಗೆ ವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ಒಂದು ಟೆನಿಸ್ ಆಟ ತೋರಿಸಿದರು. ಆಟ ನಡೆದದ್ದು ಆಸಿಲೋಸ್ಕೋಪ್ ಎಂಬ ಅಳತೆ ಯಂತ್ರದ ಪುಟ್ಟ ಪರದೆಯ ಮೇಲೆ. ಜನ ಸಾಲು ನಿಂತು ಆಡಿದರು. ಎರಡು ವರ್ಷದ ಬಳಿಕ, 1960ರಲ್ಲಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಟಿಫ್ರಾಕ್ ಎಂಬ ಕಂಪ್ಯೂಟರ್ ಕೆಲಸ ಶುರು ಮಾಡಿತು. ಅದಕ್ಕೂ ಇದ್ದದ್ದು ಅದೇ ಜಾತಿಯ ಗಾಜಿನ ಕೊಳವೆಯ ಪರದೆ. ಆಟಕ್ಕೂ ಲೆಕ್ಕಕ್ಕೂ ಕೊಳವೆ ಒಂದೇ.

ಹಳೆಯ ಡಬ್ಬಿ ಮಾನಿಟರ್ ನಿಮಗೆ ನೆನಪಿರಬಹುದು. 1987ರಲ್ಲಿ ಐಬಿಎಂ ತಂದ ವಿಜಿಎ ಪದ್ಧತಿಯಲ್ಲಿ ಪರದೆಯ ಮೇಲೆ ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕೆಗಳು. 14 ಇಂಚಿನ ಡಬ್ಬಿಯಲ್ಲಿ ಲೆಕ್ಕ ಹಾಕಿದರೆ ಇಂಚಿಗೆ ಸುಮಾರು 60 ಚುಕ್ಕೆ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕಿತ್ತು. ನಮ್ಮ ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ ಎಲ್ಲಕ್ಕೂ ಜಾಗ ಬೇಕು. ಚುಕ್ಕೆ ಕಡಿಮೆಯಾದರೆ ಒತ್ತಕ್ಷರ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ.

ಇದು ಬರೀ ಅಂದದ ವಿಷಯವಲ್ಲ, ಆಸ್ತಿಯ ವಿಷಯ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುವಂತಾಯಿತು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ: ಆಗ ಕೊಡಗಿನಲ್ಲಿ ಇದ್ದದ್ದು ಈ ಮೂರೇ ತಾಲ್ಲೂಕು.

ಈ ಯೋಜನೆಯಲ್ಲಿ ಜನ ಅಷ್ಟಾಗಿ ಗಮನಿಸದ ಒಂದು ಏರ್ಪಾಡು ಇತ್ತು. ಕಿಟಕಿಯಲ್ಲಿ ಎರಡು ಮಾನಿಟರ್. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಏನು ಟೈಪ್ ಆಗುತ್ತಿದೆ ಎಂದು ಹೊರಗೆ ನಿಂತವರಿಗೂ ಕಾಣಬೇಕು ಎಂಬುದು ಉದ್ದೇಶ. ಅಲ್ಲಿಯವರೆಗೆ ಜಮೀನಿನ ಪುಸ್ತಕ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ. ತನ್ನ ಹೆಸರಿನ ಮುಂದೆ ಏನು ಬರೆದಿದೆ ಎಂದು ನೋಡಲೂ ರೈತ ಅಲೆಯಬೇಕಿತ್ತು. ಕೊಡಗಿನ ಜಮ್ಮಾ ಜಾಗದಲ್ಲಂತೂ ಪಟ್ಟೆದಾರನ ಹೆಸರಿನ ಜೊತೆ ಒಕ್ಕದ ಹಲವರ ಹೆಸರು ಕೂಡಿರುತ್ತದೆ. ಮನೆಹೆಸರಿನ ಒಂದು ಒತ್ತು ತಪ್ಪಿದರೂ ಮುಂದೆ ಸಾಲಕ್ಕೆ, ಪೌತಿ ಖಾತೆಗೆ ಹೋದಾಗ ತೊಡಕು. ರೈತನ ಕಡೆಗೆ ತಿರುಗಿದ ಆ ಪರದೆಗೆ ಇದ್ದ ಬೆಲೆ ಇದು.

ಆಟ ಮತ್ತು ಕೆಲಸ ಪಾಲಾದದ್ದು ಇದರ ನಂತರ. 2000ದ ದಶಕದಲ್ಲಿ ಡಬ್ಬಿ ಹೋಗಿ ಚಪ್ಪಟೆ ಎಲ್‌ಸಿಡಿ ಬಂತು. ಅಕ್ಷರ ಚೂಪಾಯಿತು, ಮಿನುಗು ನಿಂತಿತು, ಕರೆಂಟ್ ಖರ್ಚು ಇಳಿಯಿತು. ಕಚೇರಿಗಳಿಗೆ ಖುಷಿ. ಆದರೆ ಆ ಕಾಲದ ಎಲ್‌ಸಿಡಿಯ ಚುಕ್ಕೆಗಳು ಬಣ್ಣ ಬದಲಿಸುವುದು ನಿಧಾನ. ಓಡುವ ಚಿತ್ರದ ಹಿಂದೆ ನೆರಳಿನಂಥ ಬಾಲ ಉಳಿಯುತ್ತಿತ್ತು. ಹಾಗಾಗಿ ಗೇಮ್ ಆಡುವವರಲ್ಲಿ ಹಲವರು ಹಳೆ ಡಬ್ಬಿಯನ್ನೇ ಬಹಳ ದಿನ ಬಿಡಲಿಲ್ಲ. 2012ರ ಹೊತ್ತಿಗೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಎಲ್‌ಸಿಡಿ ಅಂಗಡಿಗೆ ಬಂತು. ಇಂದು 'ಗೇಮಿಂಗ್ ಮಾನಿಟರ್' ಎಂದು ಮಾರುವುದು, ಡಬ್ಬಿ ಹೋದಾಗ ಕಳೆದುಕೊಂಡ ವೇಗವನ್ನು ಮರಳಿ ತರಲು ಹುಟ್ಟಿದ ವಸ್ತು.

ಆ ವೇಗ ಎಷ್ಟೆಂದು ತಿಳಿಯಲು ಹಾಕಿ ಸಾಕು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚೆಂಡು ಹೋಗುತ್ತಿದೆ ಎನ್ನಿ. 60 ಹರ್ಟ್ಜ್ ಪರದೆಯಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಚೆಂಡು ಸುಮಾರು 46 ಸೆಂಟಿಮೀಟರ್ ದಾಟಿರುತ್ತದೆ. 144 ಹರ್ಟ್ಜ್‌ನಲ್ಲಿ 19 ಸೆಂಟಿಮೀಟರ್ ಮಾತ್ರ. ಮಗ ಕೇಳುವುದರಲ್ಲಿ ಹುರುಳಿದೆ. ಆದರೆ ಸೆಕೆಂಡಿಗೆ ಅಷ್ಟು ಚಿತ್ರ ಬಿಡಿಸಿ ಕೊಡುವ ಗ್ರಾಫಿಕ್ಸ್ ಕಾರ್ಡ್ ಕಂಪ್ಯೂಟರ್‌ನಲ್ಲಿ ಇರಬೇಕು. ಅದಿಲ್ಲದೆ 144ರ ಮಾನಿಟರ್ ತಂದರೆ ಗದ್ದೆಯ ಕೆಸರಲ್ಲಿ ಕಾರು ಓಡಿಸಿದಂತೆ.

ಅಪ್ಪನ ಲೆಕ್ಕವೂ ಚುಕ್ಕೆಯದ್ದೇ. 1920 ಅಡ್ಡ, 1080 ಉದ್ದದ ಚುಕ್ಕೆಗಳಿರುವ 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92 ಚುಕ್ಕೆ. ಅಷ್ಟೇ ಚುಕ್ಕೆಗಳನ್ನು 27 ಇಂಚಿಗೆ ಎಳೆದರೆ ಸುಮಾರು 82ಕ್ಕೆ ಇಳಿಯುತ್ತದೆ. ದೊಡ್ಡದು ಎಂದ ಮಾತ್ರಕ್ಕೆ ಅಕ್ಷರ ಚೂಪಾಗುವುದಿಲ್ಲ. ಪಕ್ಕದಿಂದ ನೋಡಿದರೂ ಬಣ್ಣ ಕೆಡಬಾರದು ಎಂದರೆ ಐಪಿಎಸ್ ಪರದೆ ಕೇಳಿ. ಕಿಟಕಿಯ ಬೆಳಕು ಬೀಳುವ ಕೋಣೆಗೆ ಹೊಳಪಿಲ್ಲದ ಮೈ ಒಳ್ಳೆಯದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಕಡೆ ಯುಪಿಎಸ್‌ಗೂ ದುಡ್ಡು ತೆಗೆದಿಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಗೆ 24 ಇಂಚು, ಐಪಿಎಸ್, 75 ಅಥವಾ 100 ಹರ್ಟ್ಜ್ ಸಾಕು. ಕಾರ್ಡ್ ಇದ್ದರೆ, 144 ಹರ್ಟ್ಜ್‌ನ ಐಪಿಎಸ್ ತಂದರೆ ಅಪ್ಪನ ಲೆಕ್ಕಕ್ಕೂ ಅದೇ ಆಗುತ್ತದೆ. ಪಾಲಾದ ಅಣ್ಣತಮ್ಮಂದಿರು ಮತ್ತೆ ಒಂದೇ ಮೇಜಿನ ಮೇಲೆ ಕೂರುವ ಕಾಲ ಬಂದಿದೆ.

ಕೊನೆಗೆ ಒಂದು ಮಾತು. ಮುಂದಿನ ಸಲ ಯಾವುದಾದರೂ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕುವಾಗ, ಬಟನ್ ಒತ್ತುವ ಮುಂಚೆ, "ಸ್ವಲ್ಪ ಸ್ಕ್ರೀನ್ ಈ ಕಡೆ ತಿರುಗಿಸಿ" ಎಂದು ಕೇಳಿ. ಹೆಸರು, ಮನೆಹೆಸರು, ಸರ್ವೆ ನಂಬರ್ ಓದಿ ನೋಡಿ. ಮುಜುಗರ ಬೇಡ. ಇಪ್ಪತ್ತೈದು ವರ್ಷದ ಹಿಂದೆ ಸರ್ಕಾರವೇ ನಿಮ್ಮ ಕಡೆಗೆ ಒಂದು ಪರದೆ ಇಟ್ಟದ್ದು ಅದಕ್ಕಾಗಿಯೇ.