‘ತಕ್ಕ ಪ್ರಮಾಣ’ ಎಂದರೆ ಎಷ್ಟು? ಪುಣೆಯ ಆರೈಕೆಯನ್ನು ಅಳೆದವರ ಕಥೆ

ಪುಣೆಗೆ ಕೆಲಸಕ್ಕೆಂದು ಬಂದು ಇಲ್ಲೇ ಉಳಿದ ನಮ್ಮವರ ಮನೆಗಳಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಊರಿಂದ ಬಂದ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದಿರುತ್ತದೆ, ಇಲ್ಲವೆ ಅವ್ವನಿಗೆ ಲಕ್ವ ಹೊಡೆದಿರುತ್ತದೆ. ದೊಡ್ಡ ಆಸ್ಪತ್ರೆಯವರು ಹತ್ತು ದಿನ ಇಟ್ಟುಕೊಂಡು, ಇನ್ನು ಬೇಕಾದ್ದು ಆರೈಕೆ ಮಾತ್ರ ಎಂದು ಕಳಿಸುತ್ತಾರೆ. ಮನೆಯಲ್ಲಿ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವವರು. ಆಗ ನರ್ಸಿಂಗ್ ಹೋಮ್ ಹುಡುಕಲು ಹೊರಡುತ್ತೇವೆ.

ಹುಡುಕುವಾಗ ನಾವು ನೋಡುವುದೇನು? ಕಟ್ಟಡ ಹೊಸದೇ, ಲಿಫ್ಟ್ ಇದೆಯೇ, ಮನೆಗೆ ಎಷ್ಟು ದೂರ, ದಿನಕ್ಕೆ ಎಷ್ಟು ರೂಪಾಯಿ, ಇಂಟರ್ನೆಟ್ಟಿನಲ್ಲಿ ಎಷ್ಟು ನಕ್ಷತ್ರ. ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಎಷ್ಟು ಜನ ನರ್ಸ್ ಇರುತ್ತಾರೆ, ಅವರು ಎಲ್ಲಿ ಕಲಿತವರು ಎಂದು ಕೇಳುವವರು ಕಡಿಮೆ. ಪುಣೆಯ ಮಟ್ಟಿಗೆ ಇದು ಹಳೆಯ ಪ್ರಶ್ನೆ. ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಇದೇ ಊರಿನಲ್ಲಿ ಇದನ್ನು ಬಹಿರಂಗವಾಗಿ ಕೇಳಿದವರಲ್ಲಿ ಒಬ್ಬರು ಕರ್ನಾಟಕದ ಮಲೆನಾಡಿನಲ್ಲಿ ಹುಟ್ಟಿದ ಹೆಣ್ಣುಮಗಳು.

ಆ ಕಥೆಗೆ ಮೊದಲು ‘ನರ್ಸಿಂಗ್ ಹೋಮ್’ ಎಂಬ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಅಮೆರಿಕದಲ್ಲಿರುವ ನಮ್ಮ ನೆಂಟರಿಗೆ ನರ್ಸಿಂಗ್ ಹೋಮ್ ಎಂದರೆ ವಯಸ್ಸಾದವರು ದೀರ್ಘಕಾಲ ಇರುವ ಆರೈಕೆ ಮನೆ. ಪುಣೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಆ ಮಾತಿಗೆ ಡಾಕ್ಟರ್ ದಂಪತಿ ನಡೆಸುವ ಹತ್ತಿಪ್ಪತ್ತು ಹಾಸಿಗೆಯ ಸಣ್ಣ ಆಸ್ಪತ್ರೆ ಎಂದೇ ಅರ್ಥ. ವಯಸ್ಸಾದವರದು ವೃದ್ಧಾಶ್ರಮ. ಇತ್ತೀಚೆಗೆ ಪುಣೆಯಲ್ಲಿ ಇವೆರಡರ ನಡುವೆ ಮೂರನೆಯ ಬಗೆ ಬೆಳೆದಿದೆ. ಹಾಸಿಗೆ ಹಿಡಿದವರನ್ನು, ಮರೆವಿನ ಕಾಯಿಲೆಯವರನ್ನು ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವ ಮನೆಗಳು ಇವು. ಹೆಸರು ಏನೇ ಇರಲಿ, ಮೂರರಲ್ಲೂ ಕೊನೆಗೆ ಲೆಕ್ಕಕ್ಕೆ ಬರುವುದು ಹಾಸಿಗೆಯ ಪಕ್ಕದಲ್ಲಿ ನಿಲ್ಲುವ ಮನುಷ್ಯರು.

ಮೊದಲು ಬಂದದ್ದು ಕಟ್ಟಡ. ಬಾಗ್ದಾದಿನಿಂದ ಮುಂಬಯಿಗೆ ಬಂದ ಯಹೂದಿ ವ್ಯಾಪಾರಿ ಡೇವಿಡ್ ಸಾಸೂನ್ ಕೊಟ್ಟ ಹಣದಿಂದ ಕಟ್ಟಿದ ಸಾಸೂನ್ ಆಸ್ಪತ್ರೆ 1867ರಲ್ಲಿ ಬಾಗಿಲು ತೆರೆಯಿತು. ಅದೇ ದಶಕದಲ್ಲಿ ಅವನದೇ ಹೆಸರಿನ ಅನಾಥ ಪಂಗು ಗೃಹವೂ ಹುಟ್ಟಿತು. ನವೀ ಪೇಠೆಯಲ್ಲಿರುವ ‘ನಿವಾರಾ’ ಅದೇ, ಇಂದಿಗೂ ದಿಕ್ಕಿಲ್ಲದ ಮುದುಕರಿಗೆ ನೆರಳು ಕೊಡುತ್ತಿದೆ. ದಾನಿಯ ಹೆಸರು ಕಲ್ಲಿನ ಮೇಲೆ ಉಳಿಯಿತು. ಒಳಗೆ ರೋಗಿಯ ಮೈ ಒರೆಸಿದವರು, ಮಲಮೂತ್ರ ಬಳಿದವರು ಯಾರು, ಒಬ್ಬೊಬ್ಬರ ಪಾಲಿಗೆ ಎಷ್ಟು ಹಾಸಿಗೆ ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಇಂಡಿಯಾದ ಆಸ್ಪತ್ರೆಗಳಲ್ಲಿ ಶುಶ್ರೂಷೆಯ ವ್ಯವಸ್ಥೆ ಹೇಗಿರಬೇಕೆಂದು 1865ರಲ್ಲೇ ಲಂಡನ್ನಿನಿಂದ ಸಲಹೆ ಬರೆದಿದ್ದರು. ಸಲಹೆ ಬಂತು, ಕಲಿತ ಕೈಗಳು ಬರಲು ಬಹಳ ಕಾಲ ಹಿಡಿಯಿತು.

1897ರ ಪ್ಲೇಗು ಈ ಕೊರತೆಯನ್ನು ಬಯಲಿಗೆಳೆಯಿತು. ಆ ಮಾರ್ಚಿನಲ್ಲಿ ಡಬ್ಲ್ಯು. ಸಿ. ರ‍್ಯಾಂಡ್ ಮುಂದಾಳುತನದ ಪ್ಲೇಗ್ ಸಮಿತಿ ಪುಣೆಯನ್ನು ಕೈಗೆ ತೆಗೆದುಕೊಂಡಿತು. ಸೋಲ್ಜರುಗಳು ಮನೆ ಮನೆ ಹೊಕ್ಕು ರೋಗಿಗಳನ್ನು ಆಸ್ಪತ್ರೆಗೂ, ಮನೆಯವರನ್ನು ಪ್ರತ್ಯೇಕ ಕ್ಯಾಂಪಿಗೂ ಸಾಗಿಸಿದರು. ಆಸ್ಪತ್ರೆಗೆ ಹೋದವರು ಹಿಂದಿರುಗುವುದಿಲ್ಲ ಎಂಬ ಭಯ ಪೇಠೆಗಳಲ್ಲಿ ರೋಗಕ್ಕಿಂತ ವೇಗವಾಗಿ ಹರಡಿತು. ಜನ ರೋಗಿಗಳನ್ನು ಅಟ್ಟದಲ್ಲಿ, ಕೋಣೆಗಳಲ್ಲಿ ಬಚ್ಚಿಟ್ಟರು. ಹಿಂದೂಗಳಿಗಾಗಿ ಬೇರೆ ಪ್ಲೇಗ್ ಆಸ್ಪತ್ರೆ ತೆರೆಯುವುದರಲ್ಲಿ ತಿಲಕರೂ ಮುಂದಾದರು. ಅದೇ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಮಗ ಡಾ. ಯಶವಂತ ಹಡಪಸರದ ಬಳಿ ನಡೆಸುತ್ತಿದ್ದ ಆರೈಕೆಯ ಠಾವಿಗೆ ಮುಂಢವಾದ ಪ್ಲೇಗು ಬಡಿದ ಹುಡುಗನೊಬ್ಬನನ್ನು ಹೊತ್ತು ತಂದು, ಅವನ ರೋಗ ತಮಗೆ ತಗುಲಿ ಸತ್ತರು. ಎಣಿಸಿದರೆ ಅಲ್ಲಿದ್ದವರು ಬೆರಳೆಣಿಕೆಯಷ್ಟು ಜನ. ಆದರೂ ರೋಗಿಯನ್ನು ಮುಟ್ಟುವವರಿದ್ದರು.

ಮಲೆನಾಡಿನ ಹೆಣ್ಣುಮಗಳು ಬರುವುದು ಇಲ್ಲಿ. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಸಂಸ್ಕೃತ, ಮರಾಠಿಯ ಜೊತೆಗೆ ರಮಾಬಾಯಿಗೆ ಕನ್ನಡವೂ ಬರುತ್ತಿತ್ತು. ಹೆಂಗಸರಿಗೆ ವೈದ್ಯ ಕಲಿಸಬೇಕು, ಗಂಡು ಡಾಕ್ಟರರ ಮುಂದೆ ಬಾಯಿಬಿಡಲಾರದೆ ಎಷ್ಟೋ ಹೆಂಗಸರು ಸಾಯುತ್ತಿದ್ದಾರೆ ಎಂದು 1882ರಲ್ಲಿ ಪುಣೆಯಲ್ಲಿ ಹಂಟರ್ ಆಯೋಗದ ಮುಂದೆ ಹೇಳಿದವರು ಅವರು. ವಿಧವೆಯರಿಗಾಗಿ ತೆರೆದ ಅವರ ಶಾರದಾ ಸದನ 1890ರಲ್ಲಿ ಮುಂಬಯಿಯಿಂದ ಪುಣೆಗೆ ಬಂದಿತ್ತು. ಪ್ಲೇಗಿನ ವರ್ಷ ಮಧ್ಯಪ್ರಾಂತದ ಬರಗಾಲದಿಂದ ಕರೆತಂದ ನೂರಾರು ಹುಡುಗಿಯರ ಹೊಣೆಯೂ ಅವರ ಮೇಲಿತ್ತು.

1897ರ ಮೇ ತಿಂಗಳಲ್ಲಿ ರಮಾಬಾಯಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಒಂದು ಕಾಗದ ಬರೆದರು. ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲೂ ಕ್ಯಾಂಪಿನಲ್ಲೂ ಹೆಂಗಸರಿಗೆ ರಕ್ಷಣೆಯಿಲ್ಲ, ತಮ್ಮ ಆಶ್ರಯದ ಹುಡುಗಿಯೊಬ್ಬಳು ಆ ವ್ಯವಸ್ಥೆಯೊಳಗೆ ಕಳೆದೇಹೋದಳು ಎಂಬುದು ಅವರ ದೂರು. ಅವರು ತಪ್ಪು ಹಿಡಿದದ್ದು ಔಷಧಿಯನ್ನಲ್ಲ. ರೋಗಿಯನ್ನು ಯಾರ ಕೈಗೆ ಒಪ್ಪಿಸಲಾಗುತ್ತಿದೆ, ಆ ಕೈಯ ಮೇಲೆ ಯಾರ ಕಣ್ಣಿದೆ ಎಂದು ಕೇಳಿದರು. ಇವತ್ತಿನ ಮಾತಿನಲ್ಲಿ ಹೇಳಿದರೆ ಅದು ಸಿಬ್ಬಂದಿಯ ಗುಣಮಟ್ಟದ ಪರಿಶೀಲನೆ. ವಿಷಯ ಇಂಗ್ಲೆಂಡಿನ ಪಾರ್ಲಿಮೆಂಟಿನವರೆಗೂ ಹೋಯಿತು. ಮುಂಬಯಿ ಸರ್ಕಾರ ಆರೋಪವನ್ನು ತಳ್ಳಿಹಾಕಿತು. ರಮಾಬಾಯಿ ಮಾತ್ರ ತಮ್ಮ ಮಾತು ಹಿಂತೆಗೆದುಕೊಳ್ಳಲಿಲ್ಲ.

ಅದೇ ಬೇಸಗೆಯಲ್ಲಿ ಗೋಖಲೆಯವರಿಗಾದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಂಗ್ಲೆಂಡಿನಲ್ಲಿದ್ದ ಅವರು ಪುಣೆಯಿಂದ ಬಂದ ಕಾಗದಗಳನ್ನು ನಂಬಿ, ಸೋಲ್ಜರುಗಳು ಹೆಂಗಸರ ಮೇಲೆ ಅತ್ಯಾಚಾರ ಮಾಡಿದರೆಂದು ಅಲ್ಲಿ ಹೇಳಿಕೆ ಕೊಟ್ಟರು. ಊರಿಗೆ ಮರಳಿದಾಗ ಸಾಕ್ಷಿ ನುಡಿಯಲು ಯಾರೂ ಮುಂದೆ ಬರಲಿಲ್ಲ. ಆಗಸ್ಟಿನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅಷ್ಟರಲ್ಲಿ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ರ‍್ಯಾಂಡನಿಗೆ ಗುಂಡು ಹಾರಿಸಿದ್ದರು. ಊರಿಗೆ ಊರೇ ಪೊಲೀಸರ ಕಣ್ಣಡಿ ಇತ್ತು, ಬಾಯಿಬಿಡಲು ಯಾರಿಗೂ ಧೈರ್ಯವಿರಲಿಲ್ಲ. ಆರೈಕೆಯ ಬಗ್ಗೆ ದೂರು ಕೊಡುವವರ ಪಾಡು ಆಗಲೂ ಈಗಲೂ ಇದೇ. ಅನುಭವಿಸಿದವನು ಹಾಸಿಗೆಯಲ್ಲಿದ್ದಾನೆ, ಇಲ್ಲವೆ ಸತ್ತಿದ್ದಾನೆ. ಕಂಡವರು ಅಲ್ಲೇ ಕೆಲಸ ಮಾಡಿ ಹೊಟ್ಟೆ ಹೊರೆಯುವವರು. ಬರೆದಿಟ್ಟ ದಾಖಲೆ ಇಲ್ಲದಿದ್ದರೆ ನಿಜವಾದ ದೂರೂ ನಿಲ್ಲುವುದಿಲ್ಲ.

ಕಲಿತ ಕೈಗಳನ್ನು ತಯಾರು ಮಾಡುವ ಕೆಲಸ ಹನ್ನೆರಡು ವರ್ಷಗಳ ಬಳಿಕ ಇನ್ನೊಬ್ಬ ರಮಾಬಾಯಿಯಿಂದ ಶುರುವಾಯಿತು. ರಮಾಬಾಯಿ ರಾನಡೆ ಮತ್ತು ಜಿ. ಕೆ. ದೇವಧರರು 1909ರಲ್ಲಿ ಪುಣೆಯ ಸೇವಾಸದನ ಕಟ್ಟಿದರು. ಮೊದಲ ವರ್ಷಗಳಲ್ಲೇ ಅಲ್ಲಿಯ ಹೆಣ್ಣುಮಕ್ಕಳು, ಅವರಲ್ಲೂ ಮೇಲ್ಜಾತಿಯ ವಿಧವೆಯರು, ಸಾಸೂನ್ ಆಸ್ಪತ್ರೆಗೆ ನರ್ಸಿಂಗ್ ಕಲಿಯಲು ಹೋದರು. ಪರರ ಮೈ ಮುಟ್ಟುವ, ರಾತ್ರಿ ಪಾಳಿ ಮಾಡುವ ಕೆಲಸಕ್ಕೆ ಹೆಂಗಸರು ಹೊರಟಾಗ ಜನ ಆಡಿಕೊಳ್ಳುತ್ತಿದ್ದ ಕಾಲ ಅದು. ಮುಂಬಯಿ ಪ್ರಾಂತದಲ್ಲಿ ನರ್ಸುಗಳ ನೋಂದಣಿಗೆ ಕಾಯಿದೆ ಬಂದದ್ದು 1935ರಲ್ಲಿ. ಅದರ ನಂತರವೇ ಇಂಥವರು ಕಲಿತ ನರ್ಸ್, ಇಂಥವರಲ್ಲ ಎಂದು ಕಾಗದದ ಮೇಲೆ ತೋರಿಸುವ ಹಾಗಾಯಿತು.

ಆದರೂ ಲೆಕ್ಕ ಭಯಂಕರವಾಗಿತ್ತು. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನರಿಗೆ ಒಬ್ಬ ಡಾಕ್ಟರ್ ಇದ್ದರೆ, ನರ್ಸ್ ಇದ್ದದ್ದು ಸುಮಾರು 43,000 ಜನರಿಗೆ ಒಬ್ಬರು. ಡಾಕ್ಟರರ ಕೊರತೆಗಿಂತ ದಾದಿಯರ ಕೊರತೆ ಏಳು ಪಟ್ಟು ದೊಡ್ಡದು. ನಾವು ಮಾತ್ರ ಇವತ್ತಿಗೂ ಆಸ್ಪತ್ರೆಯನ್ನು ಡಾಕ್ಟರ ಹೆಸರಿನಿಂದಲೇ ಗುರುತಿಸುತ್ತೇವೆ.

ಇಂಥ ಕೊರತೆಯ ನಡುವೆ ಬಂದದ್ದು 1949ರ ಬಾಂಬೆ ನರ್ಸಿಂಗ್ ಹೋಮ್ಸ್ ನೋಂದಣಿ ಕಾಯಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳೂ ಆಗ ಪುಣೆಯ ಜೊತೆ ಮುಂಬಯಿ ಪ್ರಾಂತದಲ್ಲೇ ಇದ್ದವು. 1927ರ ಇಂಗ್ಲೆಂಡಿನ ಕಾಯಿದೆಯ ಅಚ್ಚಿನಲ್ಲೇ ಇದನ್ನು ಎರಕ ಹೊಯ್ದಿದ್ದಾರೆ. ರೋಗ, ಗಾಯ, ನಿಶ್ಶಕ್ತಿ ಇರುವವರನ್ನು ಇರಿಸಿಕೊಂಡು ಚಿಕಿತ್ಸೆ ಮತ್ತು ಶುಶ್ರೂಷೆ ಕೊಡುವ ಜಾಗವೆಲ್ಲ ಇದರಡಿ ನರ್ಸಿಂಗ್ ಹೋಮ್. ಹೆರಿಗೆ ಮನೆಗಳೂ ಸೇರಿದವು. ನೋಂದಣಿಯ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಶುಶ್ರೂಷೆಗೆ ಇಟ್ಟುಕೊಂಡವರಲ್ಲಿ ಅರ್ಹ ನರ್ಸುಗಳ ‘ತಕ್ಕ ಪ್ರಮಾಣ’ ಇಲ್ಲದಿದ್ದರೆ ನೋಂದಣಿಯನ್ನೇ ನಿರಾಕರಿಸಬಹುದು.

ತಕ್ಕ ಪ್ರಮಾಣ. ಹತ್ತು ಹಾಸಿಗೆಗೆ ಒಬ್ಬರೇ, ಇಪ್ಪತ್ತಕ್ಕೆ ಒಬ್ಬರೇ, ಹಗಲಿಗೆಷ್ಟು, ರಾತ್ರಿಗೆಷ್ಟು? ಕಾಯಿದೆ ಸಂಖ್ಯೆ ಹೇಳದೆ ನಿಯಮಗಳಿಗೂ ಅಧಿಕಾರಿಗಳ ವಿವೇಚನೆಗೂ ಬಿಟ್ಟಿತು. ಮಹಾರಾಷ್ಟ್ರದಲ್ಲಿ ನಿಯಮಗಳು ಬಂದದ್ದು 1973ರಲ್ಲಿ. 1990ರ ಸುಮಾರಿಗೆ ಮುಂಬಯಿ ಹೈಕೋರ್ಟಿನ ಮುಂದೆ ಅರ್ಜಿಯೊಂದು ಬಂದಾಗ, ಕಾಯಿದೆ ಹುಟ್ಟಿ ನಲವತ್ತು ವರ್ಷವಾದರೂ ಅದರ ಜಾರಿ ಎಷ್ಟು ಸಡಿಲವಾಗಿದೆ ಎಂಬುದು ಹೊರಬಿತ್ತು. ಕೋರ್ಟು ಸಮಿತಿ ರಚಿಸಲು ಹೇಳಿತು. ಆ ಸಂದರ್ಭದಲ್ಲಿ ಮುಂಬಯಿಯಲ್ಲಿ ನಡೆದ ಸಮೀಕ್ಷೆಗೆ ಕಂಡದ್ದು ವಸತಿ ಕಟ್ಟಡಗಳಲ್ಲಿ ತುರುಕಿದ ಆಸ್ಪತ್ರೆಗಳು, ನರ್ಸಿನ ಉಡುಪು ತೊಟ್ಟ ಆದರೆ ನರ್ಸಿಂಗ್ ಕಲಿಯದ ಹುಡುಗಿಯರು. ಕರ್ನಾಟಕವೂ 1976ರಲ್ಲಿ ಖಾಸಗಿ ನರ್ಸಿಂಗ್ ಹೋಮುಗಳಿಗೆ ಕಾಯಿದೆ ಮಾಡಿ, 2007ರಲ್ಲಿ ಅದರ ಜಾಗದಲ್ಲಿ ಹೊಸದನ್ನು ತಂದಿತು. ಕಾಯಿದೆ ಬರೆಯುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ.

ಪುಣೆಯ ವಾರ್ಡುಗಳಲ್ಲಿ ಇಂಥ ಕಲಿಯದ ಕೈಗಳಿಗೆ ಒಂದು ಹೆಸರಿದೆ: ಮಾವಶಿ. ನಮ್ಮ ಉತ್ತರ ಕರ್ನಾಟಕದ ಮೌಶಿ, ಅಂದರೆ ಚಿಕ್ಕಮ್ಮ. ವಾರ್ಡ್‌ಬಾಯ್ ಆದರೆ ಮಾಮಾ. ಬೆಡ್‌ಪ್ಯಾನ್ ಕೊಡುವುದು, ಮಗ್ಗುಲು ತಿರುಗಿಸುವುದು, ಗಂಜಿ ಕುಡಿಸುವುದು ಎಲ್ಲವೂ ಅವರದೇ. ಮನೆಗೆ ಕರೆಸಿದರೆ ಅವರೇ ‘ಬ್ಯೂರೋ’ದಿಂದ ಹನ್ನೆರಡು ಗಂಟೆಯ ಪಾಳಿಗೆ ಬರುತ್ತಾರೆ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಯಸ್ಸಾದವರ ಆರೈಕೆಯಲ್ಲಿ ನಿಜವಾದ ಭಾರ ಹೊರುವವರು ಅವರೇ. ಆದರೆ ಉಸಿರಾಟ ಬದಲಾದದ್ದನ್ನು, ಬೆನ್ನಿನ ಮೇಲೆ ಹುಣ್ಣಿಗೆ ಮೊದಲು ಬರುವ ಕೆಂಪನ್ನು ಗುರುತಿಸಲು ಕಲಿಕೆ ಬೇಕು. ಕಲಿಸದೆ, ಸರಿಯಾದ ಸಂಬಳ ಕೊಡದೆ, ಒಬ್ಬ ಮಾವಶಿಯ ಮೇಲೆ ಹತ್ತಾರು ಹಾಸಿಗೆ ಹೊರಿಸಿದರೆ ತಪ್ಪು ಅವಳದಲ್ಲ.

2020ರಲ್ಲಿ ಕೋವಿಡ್ ಬಂದಾಗ ಪುಣೆ ಹಳೆಯ ಪಾಠವನ್ನು ಮತ್ತೆ ಓದಬೇಕಾಯಿತು. ಇಂಜಿನಿಯರಿಂಗ್ ಕಾಲೇಜಿನ ಮೈದಾನದಲ್ಲಿ ಕೆಲವೇ ವಾರಗಳಲ್ಲಿ ‘ಜಂಬೋ’ ಆಸ್ಪತ್ರೆ ಎದ್ದು ಆಗಸ್ಟಿನಲ್ಲಿ ತೆರೆಯಿತು. ಹಾಸಿಗೆಗಳು ನೂರಾರು. ಆದರೆ ಸಿಬ್ಬಂದಿ ಸಾಲದೆ ಮೊದಲ ದಿನಗಳಿಂದಲೇ ದೂರುಗಳು ಬಂದು, ಸೆಪ್ಟೆಂಬರಿನಲ್ಲಿ ನಿರ್ವಹಣೆಯನ್ನೇ ಬದಲಿಸಬೇಕಾಯಿತು. ಡೇರೆಯನ್ನು ತಿಂಗಳಲ್ಲಿ ಕಟ್ಟಬಹುದು, ನರ್ಸ್ ತಯಾರಾಗಲು ವರ್ಷಗಳೇ ಬೇಕು.

2021ರ ಜನವರಿಯಲ್ಲಿ ಮಹಾರಾಷ್ಟ್ರ ತನ್ನ ನಿಯಮಗಳಿಗೆ ದೊಡ್ಡ ತಿದ್ದುಪಡಿ ತಂದಿತು. ರೋಗಿಗಳ ಹಕ್ಕುಗಳ ಸನ್ನದನ್ನೂ ದರಪಟ್ಟಿಯನ್ನೂ ಆಸ್ಪತ್ರೆಯಲ್ಲಿ ತೂಗುಹಾಕಬೇಕು, ದೂರು ಕೇಳುವ ವ್ಯವಸ್ಥೆ ಇರಬೇಕು ಎಂದಾಯಿತು. ಇದರ ಹಿಂದೆ ಪುಣೆಯ ‘ಸಾಥಿ’ಯಂಥ ಸಂಸ್ಥೆಗಳು, ಜನಆರೋಗ್ಯ ಅಭಿಯಾನ ಹಲವು ವರ್ಷ ಪಟ್ಟ ಪಾಡಿದೆ. ಆದರೆ ಮುದುಕರನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಮನೆಗಳು ತಾವು ಆಸ್ಪತ್ರೆಯೇ ಅಲ್ಲ, ಬರೀ ವಸತಿ ಎಂದುಬಿಡಬಹುದು. ಹಿರಿಯ ನಾಗರಿಕರ 2007ರ ಕೇಂದ್ರ ಕಾಯಿದೆ ಜಿಲ್ಲೆಗೊಂದು ವೃದ್ಧಾಶ್ರಮ ಬೇಕೆನ್ನುತ್ತದೆ, ಅದು ಬಡ ಹಿರಿಯರಿಗಾಗಿ. ದುಡ್ಡು ಕೊಟ್ಟು ಅಪ್ಪ ಅವ್ವನನ್ನು ಬಿಡುವ ನಮ್ಮಂಥವರು ಈ ಎರಡು ಕಾಯಿದೆಗಳ ಸಂದಿಯಲ್ಲಿದ್ದೇವೆ.

ಆದ್ದರಿಂದ ಅಳತೆಯ ಕೆಲಸ ನಮ್ಮ ಮೇಲೂ ಬೀಳುತ್ತದೆ. ಬಾಗಿಲಲ್ಲಿ ನೋಂದಣಿ ಪತ್ರ ಕಾಣುತ್ತದೆಯೇ, ಅದರ ಅವಧಿ ಮುಗಿದಿಲ್ಲವೇ ನೋಡಿ. ‘ನಮ್ಮಲ್ಲಿ ಸ್ಟಾಫ್ ಇದ್ದಾರೆ’ ಎಂದರೆ ಸಾಲದು. ಅವರಲ್ಲಿ ಎಷ್ಟು ಜನ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿಯಾದವರು, ಎಷ್ಟು ಜನ ಮಾವಶಿಯರು ಎಂದು ಬಿಡಿಸಿ ಕೇಳಿ. ಈ ವಾರದ ರಾತ್ರಿ ಪಾಳಿಯ ಪಟ್ಟಿ ತೋರಿಸಿ ಎನ್ನಿ. ಮಗ್ಗುಲು ತಿರುಗಿಸಿದ ಹೊತ್ತನ್ನು ಬರೆದಿಡುತ್ತಾರೆಯೇ ನೋಡಿ. ಗೋಖಲೆಯವರಿಗೆ ಸಿಗದೆ ಹೋದದ್ದು ಇಂಥ ಬರಹವೇ. ಮಾವಶಿಯರನ್ನು ಮಾತಾಡಿಸಿ, ಎಷ್ಟು ದಿನದಿಂದ ಇಲ್ಲಿದ್ದೀರಿ ಎಂದು ಕೇಳಿ. ಎಲ್ಲರೂ ಹೋದ ತಿಂಗಳು ಬಂದವರಾದರೆ ಯೋಚಿಸಿ. ಭೇಟಿಯ ಹೊತ್ತು ಬಿಟ್ಟು, ಭಾನುವಾರ ಮಧ್ಯಾಹ್ನವೋ ರಾತ್ರಿ ಊಟದ ನಂತರವೋ ಒಮ್ಮೆ ಹೇಳದೆ ಹೋಗಿ. ಆಗ ಒಳಗೆ ಬಿಡದಿದ್ದರೆ ಅದೂ ಒಂದು ಉತ್ತರ.

ಮತ್ತೊಂದು ಮಾತು. ಕನ್ನಡ ಬಿಟ್ಟು ಬೇರೆ ಮಾತು ಬಾರದ ಅವ್ವನಿಗೆ ನೀರಡಿಸಿದೆ, ನೋಯುತ್ತಿದೆ ಎಂದು ಹೇಳಿಕೊಳ್ಳಲು ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ. ಪುಣೆಯ ಮಾವಶಿಯರಲ್ಲಿ ಕಲಬುರಗಿ, ವಿಜಯಪುರ, ಸೊಲ್ಲಾಪುರದ ಕಡೆಯಿಂದ ದುಡಿಯಲು ಬಂದ ಹೆಣ್ಣುಮಕ್ಕಳೂ ಇರುತ್ತಾರೆ. ಅಂಥವರೊಬ್ಬರು ಸಿಕ್ಕರೆ ಅವ್ವನ ಅದೃಷ್ಟ. ಅವರ ಸಂಬಳ, ಪಾಳಿ ಹೇಗಿದೆ ಎಂದೂ ಅದೇ ಉಸಿರಿನಲ್ಲಿ ಕೇಳಿ. ಹದಿನಾರು ಗಂಟೆ ನಿಂತ ಕೈ, ಎಷ್ಟು ಒಳ್ಳೆಯದಾದರೂ, ಹದಿನೇಳನೆಯ ಗಂಟೆಗೆ ನಡುಗುತ್ತದೆ.